ಎಲ್ಲರ ಗಾಡಿಗೂ ಒಂದೇ ಹಳಿ

ಕಳೆದ ತಿಂಗಳು ಒಂದು ಭಾನುವಾರದ ಬೆಳಗ್ಗೆ ನಾವು ಕಾಫಿಯನ್ನು ಮುಗಿಸಿ ಪತ್ರಿಕೆಯನ್ನು ಮಡಿಸಿಡುತ್ತಿದ್ದಾಗ, ಜ್ಞಾನಭಾರತಿಯ ನಮ್ಮ ಬೀದಿಯಲ್ಲಿಯೇ ಮೂರು ಮನೆಗಳಾಚೆ ವಾಸವಾಗಿರುವ ಗೃಹಿಣಿಯೊಬ್ಬರು ಕೈಯಲ್ಲಿ ಒಂದು ಸಿ.ಡಿ. ತಟ್ಟೆಯನ್ನು ಹಿಡಿದುಕೊಂಡು ಬಂದರು. ಅವರ ಮುಖ ಬಾಡಿದ್ದಿತು. ಅವರ ತಂದೆ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಈಗ ಆರು ವರ್ಷಗಳ ಹಿಂದೆ ತೀರಿಕೊಂಡರು. ತಮ್ಮ ತಾಯಿ ಹಾಡುತ್ತಿದ್ದ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ ಆ ಹಿರಿಯರು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ನಿವೃತ್ತರಾದ ಮೇಲೆ, ೨೦೦೨ರ ಸುಮಾರಿನಲ್ಲಿ, ಬೆರಳು ತಡವರಿಸುವ ವಯಸ್ಸಿನಲ್ಲಿಯೂ ಗಣಕಯಂತ್ರವನ್ನು ಕಲಿತು ಅಷ್ಟನ್ನೂ ತಾವೇ ಬೆರಳಚ್ಚು ಮಾಡಿದರು. ಪರದೇಶದಲ್ಲಿದ್ದ ಮಗನೂ ಓದಲೆಂದು ಕೆಲವನ್ನು ಒಂದು ಜಾಲಪುಟದಲ್ಲಿಯೂ ಏರಿಸಿದ್ದರು. “ಇನ್ನು ಗೆದ್ದಲಿನ ಭಯವಿಲ್ಲ” ಎಂದು ಸಂತೋಷಪಟ್ಟು, ಹಳೆಯ ನೋಟುಪುಸ್ತಕಗಳನ್ನು ರದ್ದಿಗೆ ಹಾಕಿದರಂತೆ.

ಈಗ ಆ ಗೃಹಿಣಿಯ ಮಗಳಿಗೆ ಮದುವೆ ನಿಶ್ಚಯವಾಗಿದೆ. ಮುತ್ತಜ್ಜಿಯ ಸೋಬಾನೆ ಪದಗಳನ್ನು ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ ಬಂದವರ ಕೈಗೆ ತಾಂಬೂಲದೊಡನೆ ಕೊಡಬೇಕೆಂಬುದು ಮನೆಯವರ ಆಸೆ. ತಟ್ಟೆಯನ್ನು ಗಣಕಯಂತ್ರಕ್ಕೆ ಹಾಕಿ ನೋಡಿದರೆ ಒಂದಕ್ಷರವೂ ಕನ್ನಡವಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು, ನೆತ್ತಿಯ ಮೇಲೆ ಗೆರೆ ಎಳೆದುಕೊಂಡ ಯಾವುದೋ ಐರೋಪ್ಯ ಅಕ್ಷರಗಳು, ನಡುನಡುವೆ ಪೌಂಡು ನಾಣ್ಯದ ಗುರುತು! “ಇದು ನಮ್ಮ ತಂದೆಯವರು ಬರೆದದ್ದೇ ಸಾರ್. ಯಾರೋ ಶಾಪ ಹಾಕಿದ ಹಾಗೆ ಆಗಿಬಿಟ್ಟಿದೆಯಲ್ಲ!” ಎಂದು ಅವರು ಕಣ್ಣೊರಸಿಕೊಂಡರು.

ಇದು ಶಾಪವಲ್ಲ, ಒಪ್ಪಂದವಿಲ್ಲದೆ ನಡೆದ ವ್ಯವಹಾರದ ಫಲ. ಈ ಸಂಕಟವು ಒಂದು ಮನೆಯದಲ್ಲವಾದುದರಿಂದಲೂ, ಇದರ ಮೂಲವನ್ನು ತಿಳಿದರೆ ಮುಂದಿನವರಾದರೂ ಪಾರಾಗಬಹುದಾದುದರಿಂದಲೂ, ಈ ತಿಂಗಳ ಮಾತನ್ನು ಇದಕ್ಕೇ ಮೀಸಲಿಡುತ್ತೇವೆ. ವಿಷಯವು ಯಂತ್ರಕ್ಕೆ ಸಂಬಂಧಪಟ್ಟುದಾದರೂ ವಾಚಕ ಮಹಾಶಯರೂ ಸೋದರಿಯರೂ ಬೇಸರಪಡಬೇಕಾಗಿಲ್ಲ. ಅಡಿಗೆಮನೆಯ ಅಳತೆಗಿಂತ ಇದು ಕಠಿನವಾದುದಲ್ಲ.

ಗಣಕಯಂತ್ರಕ್ಕೆ ಅಕ್ಷರವೆಂಬುದು ತಿಳಿಯದು. ಅದಕ್ಕೆ ತಿಳಿದಿರುವುದು ಅಂಕಿಯೊಂದೇ. ಯಾವ ಅಂಕಿಗೆ ಯಾವ ಅಕ್ಷರವೆಂದು ಮನುಷ್ಯರು ಗೊತ್ತುಮಾಡಿಕೊಡಬೇಕು. ಇಂಗ್ಲಿಷಿನ ದೊಡ್ಡ ‘ಪಿ’ಗೆ ೮೦ ಎಂದೂ ಪೌಂಡಿನ ಗುರುತಿಗೆ ೧೬೩ ಎಂದೂ ಪಾಶ್ಚಾತ್ಯರು ಗೊತ್ತುಮಾಡಿಕೊಂಡಿದ್ದರು. ಕನ್ನಡಕ್ಕೆ ಅಂತಹ ಅಂಕಿಗಳು ಯಂತ್ರಗಳಲ್ಲಿ ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ನಮ್ಮವರು ಒಂದು ಉಪಾಯವನ್ನು ಹೂಡಿದರು. ೮೦ ಎಂಬ ಮನೆಯಲ್ಲಿ ‘ಪಿ’ಯ ಚಿತ್ರಕ್ಕೆ ಬದಲಾಗಿ ಕಕಾರದ ಚಿತ್ರವನ್ನೂ, ೧೬೩ರಲ್ಲಿ ಪೌಂಡಿಗೆ ಬದಲಾಗಿ ನಕಾರದ ಚಿತ್ರವನ್ನೂ ಕೂರಿಸಿದ ಲಿಪಿಕಡತಗಳನ್ನು, ಎಂದರೆ ಫಾಂಟುಗಳನ್ನು, ಮಾಡಿದರು. ಯಂತ್ರವು ತಾನು ಇಂಗ್ಲಿಷನ್ನೇ ಬರೆಯುತ್ತಿರುವೆನೆಂದು ಭಾವಿಸುತ್ತಿದ್ದಿತು. ನೋಡುವವರ ಕಣ್ಣಿಗೆ ಮಾತ್ರ ಕನ್ನಡ ಕಾಣುತ್ತಿದ್ದಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ; ಅದನ್ನು ಮಾಡಿದವರನ್ನು ನಾವು ಹಳಿಯಲಾರೆವು. ಆದರೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅಕ್ಷರಗಳನ್ನು ಕೂರಿಸಿದರು. ಆದುದರಿಂದ ಆ ಒಂದು ಫಾಂಟು ಇಲ್ಲದ ಯಂತ್ರದಲ್ಲಿ ಬರೆಹವು ತನ್ನ ವೇಷವನ್ನು ಕಳಚಿ, ‘ಪಿ’ ಮತ್ತು ಪೌಂಡುಗಳಾಗಿ ನಿಲ್ಲುವುದು. ನಮ್ಮ ನೆರೆಯವರ ತಟ್ಟೆಯಲ್ಲಿ ಆದುದು ಇದೇ.

ಜ್ಞಾನಭಾರತಿಯಲ್ಲಿರುವ ನಮಗೆ ಇದಕ್ಕೊಂದು ಹೋಲಿಕೆ ಹತ್ತಿರದಲ್ಲಿಯೇ ಉಂಟು. ನಮ್ಮ ಬಡಾವಣೆಯ ಪಕ್ಕದಲ್ಲಿಯೇ ಬೆಂಗಳೂರು–ಮೈಸೂರು ರೈಲುಹಾದಿ ಹಾದುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿದಾಗ ಅದು ಒಂದು ಮೀಟರಿನ ಹಳಿ. ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬಂದ ಹಾದಿಯಾದರೋ ೧೬೭೬ ಮಿಲಿಮೀಟರಿನ ಅಗಲದ ಹಳಿ. ಆ ಗಾಡಿ ಈ ಹಳಿಯ ಮೇಲೆ ಓಡದು. ಈ ಗಾಡಿ ಆ ಹಳಿಯ ಮೇಲೆ ನಿಲ್ಲದು. ಮದರಾಸಿನಿಂದ ಬಂದ ಮೂಟೆ ಮೈಸೂರಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಇಳಿಸಿ ಮತ್ತೆ ಏರಿಸಬೇಕಾಗಿದ್ದಿತು. ೧೯೯೦ರ ದಶಕದಲ್ಲಿ ಮೈಸೂರಿನ ಹಾದಿಯೂ ಅಗಲ ಹಳಿಯಾದ ಮೇಲೆ ಈ ತಾಪತ್ರಯ ತೀರಿತು. ಗಮನಿಸಬೇಕಾದುದೇನೆಂದರೆ, ಎರಡು ಹಳಿಗಳಲ್ಲಿ ಯಾವುದೂ ತನ್ನಷ್ಟಕ್ಕೆ ಕೆಟ್ಟುದಾಗಿರಲಿಲ್ಲ. ಕೆಟ್ಟುದು ಎರಡರ ನಡುವಣ ಭೇದ. ಅದರ ಕೂಲಿಯನ್ನು ತೆತ್ತವರು ಹಳಿ ಹಾಕಿದವರಲ್ಲ, ಮೂಟೆಯ ಒಡೆಯರು.

ಜಗತ್ತನ್ನೆಲ್ಲ ಆವರಿಸಿರುವ ವೆಬ್ ಎಂಬ ಜಾಲದಲ್ಲಿಯೂ ಇದೇ ಕಥೆ ನಡೆದಿದೆ. ಜಿನೀವಾ ನಗರದ ಹತ್ತಿರದ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ ೧೯೮೯ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. ೧೯೯೩ನೆಯ ಏಪ್ರಿಲ್ ೩೦ರಂದು ಆ ಸಂಸ್ಥೆಯು ವೆಬ್ಬಿನ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಊರಬಾವಿಯನ್ನು ತೋಡಿಸಿ ಎಲ್ಲರಿಗೂ ಹಗ್ಗವಿಟ್ಟು ಹೋದಂತಹ ಪುಣ್ಯಕಾರ್ಯವದು. ಮರುವರ್ಷ, ೧೯೯೪ರಲ್ಲಿ, ಪುಟಗಳನ್ನು ಬರೆಯುವ ಭಾಷೆಗೆ ಸರ್ವಸಮ್ಮತವಾದ ನಿಯಮಗಳನ್ನು ಗೊತ್ತುಮಾಡುವುದಕ್ಕಾಗಿ ಬರ್ನರ್ಸ್-ಲೀಯವರ ನೇತೃತ್ವದಲ್ಲಿಯೇ ಡಬ್ಲ್ಯು-೩-ಸಿ ಎಂಬ ಒಕ್ಕೂಟವು ಹುಟ್ಟಿತು. ಈ ನಿಯಮಗಳು ಎಲ್ಲರ ಮುಂದೆ ಚರ್ಚೆಯಾಗಿ, ಪ್ರಕಟವಾಗಿ, ಯಾರು ಬೇಕಾದರೂ ಓದಿ ಅನುಸರಿಸುವಂತೆ ಇರುವುದರಿಂದ ಇವಕ್ಕೆ ಮುಕ್ತ ಮಾನಕಗಳೆಂದು ಹೆಸರು.

ಆದರೆ ಪುಟಗಳನ್ನು ತೆರೆದು ತೋರುವ ಬ್ರೌಸರುಗಳೆಂಬ ಸಾಧನಗಳನ್ನು ಮಾಡುತ್ತಿದ್ದ ಕಂಪೆನಿಗಳು ಬಾವಿಗೆ ತಮ್ಮ ತಮ್ಮ ಬೇಲಿಯನ್ನು ಹಾಕಹೊರಟವು. ೧೯೯೦ರ ದಶಕದ ಉತ್ತರಾರ್ಧದಲ್ಲಿ ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಎರಡು ಬ್ರೌಸರುಗಳ ನಡುವೆ ನಡೆದ ಪೈಪೋಟಿಗೆ ‘ಬ್ರೌಸರ್ ಯುದ್ಧ’ವೆಂದೇ ಹೆಸರಾಯಿತು. ಒಂದರಲ್ಲಿ ಅಂದವಾಗಿ ಕಂಡ ಪುಟ ಮತ್ತೊಂದರಲ್ಲಿ ಚೆದರಿಹೋಗುತ್ತಿದ್ದಿತು. “ಈ ಪುಟವನ್ನು ಇಂತಹ ಬ್ರೌಸರಿನಲ್ಲಿಯೇ ನೋಡತಕ್ಕದ್ದು” ಎಂಬ ಫಲಕಗಳು ಜಾಲತಾಣಗಳ ಬಾಗಿಲಲ್ಲಿ ನೇತಾಡುತ್ತಿದ್ದವು. ಆಗ, ೧೯೯೮ರಲ್ಲಿ, ಪುಟಗಳನ್ನು ನಿರ್ಮಿಸುವ ಕೆಲಸಗಾರರೇ ಕೆಲವರು ಒಟ್ಟುಗೂಡಿ ‘ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್’ ಎಂಬ ಸಂಘವನ್ನು ಕಟ್ಟಿದರು. ಅವರ ಹತ್ತಿರ ಅಧಿಕಾರವಿರಲಿಲ್ಲ. ಇದ್ದುದು ಮಾತು ಮತ್ತು ಹಟ. ಒಂದೇ ಪುಟವನ್ನು ಹಲವು ಸಲ ಬೇರೆಬೇರೆಯಾಗಿ ಬರೆದು ಬೇಸತ್ತಿದ್ದವರಾದುದರಿಂದ ಅವರ ಮಾತಿಗೆ ತೂಕವಿದ್ದಿತು. ಬ್ರೌಸರು ಮಾಡುವವರಿಗೆ ನಿಯಮಗಳನ್ನು ಪಾಲಿಸಿರೆಂದು ಒತ್ತಾಯಿಸಿದರು. ಪುಟ ಮಾಡುವವರಿಗೆ ನಿಯಮಗಳನ್ನು ಕಲಿಯಿರೆಂದು ಬೋಧಿಸಿದರು. ೨೦೦೫ರಲ್ಲಿ ಅವರು ಹೊರಡಿಸಿದ ‘ಆಸಿಡ್ ೨’ ಎಂಬ ಪರೀಕ್ಷೆ ಬಹು ಸ್ವಾರಸ್ಯವಾದುದು. ಬ್ರೌಸರು ನಿಯಮದಂತೆ ನಡೆದರೆ ಪರದೆಯ ಮೇಲೆ ಒಂದು ನಗುಮುಖ ಮೂಡುತ್ತಿದ್ದಿತು. ತಪ್ಪಿದರೆ ಮುಖ ವಿಕಾರವಾಗುತ್ತಿದ್ದಿತು. ತನ್ನ ಬ್ರೌಸರಿನ ಮುಖ ವಿಕಾರವಾಗಿ ಕಾಣುವುದನ್ನು ಯಾವ ಕಂಪೆನಿ ತಾನೆ ಸಹಿಸೀತು? ೨೦೧೩ರಲ್ಲಿ ಈ ಸಂಘವು ತನ್ನ ಕೆಲಸ ಬಹುಮಟ್ಟಿಗೆ ನೆರವೇರಿತೆಂದು ತಾನಾಗಿಯೇ ಬಾಗಿಲು ಮುಚ್ಚಿತು. ಕೆಲಸವಾದ ಮೇಲೆ ಮುಚ್ಚಿಕೊಳ್ಳುವ ಸಂಘಗಳು ಎಷ್ಟು ವಿರಳವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಈ ದೂರದ ಜಗಳದ ಬಿಸಿ ಕನ್ನಡಕ್ಕೆ ತಟ್ಟಿದಷ್ಟು ಇಂಗ್ಲಿಷಿಗೆ ತಟ್ಟಲಿಲ್ಲ. ಇಂಗ್ಲಿಷ್ ಪುಟದಲ್ಲಿ ಗೆರೆ ಬಣ್ಣಗಳು ಓರೆಯಾದರೂ ಮಾತು ಓದಲು ಬರುತ್ತಿದ್ದಿತು. ಕನ್ನಡ ಪುಟದಲ್ಲಿ ಮಾತೇ ಮಾಯವಾಗುತ್ತಿದ್ದಿತು. ಪುಟದೊಡನೆಯೇ ಫಾಂಟನ್ನೂ ಕಳುಹಿಸುವ ಏರ್ಪಾಡು ಆಗಲೇ ಇದ್ದಿತು. ಆದರೆ ಎಕ್ಸ್‌ಪ್ಲೋರರಿಗೆ ಇ.ಒ.ಟಿ. ಎಂಬ ರೂಪದಲ್ಲಿಯೂ ನೆಟ್‌ಸ್ಕೇಪಿಗೆ ಪಿ.ಎಫ್.ಆರ್. ಎಂಬ ಬೇರೊಂದು ರೂಪದಲ್ಲಿಯೂ ಕಳುಹಿಸಬೇಕಾಗಿದ್ದಿತು. ಒಂದನ್ನೇ ಮಾಡಿದವರ ಪುಟವು ಅರ್ಧ ಲೋಕಕ್ಕೆ ಕುರುಡು. ಎಲ್ಲ ಬ್ರೌಸರುಗಳಿಗೂ ಒಪ್ಪುವ ‘ವಾಫ್’ ಎಂಬ ಒಂದೇ ರೂಪವು ಡಬ್ಲ್ಯು-೩-ಸಿಯ ಶಿಫಾರಸಾಗಿ ಹೊರಬಂದುದು ೨೦೧೨ನೆಯ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಒಂದೂವರೆ ದಶಕವೇ ಕಳೆದುಹೋಗಿದ್ದಿತು.

ಅಕ್ಷರದ ಅಂಕಿಯ ವಿಷಯದಲ್ಲಿ ಪರಿಹಾರವು ಅದಕ್ಕೂ ಮುಂಚೆ ಸಿದ್ಧವಾಗಿದ್ದಿತು. ಭಾರತದ ಭಾಷೆಗಳಿಗಾಗಿ ನಮ್ಮ ದೇಶದಲ್ಲಿಯೇ ರೂಪುಗೊಂಡ ‘ಇಸ್ಕಿ’ ಎಂಬ ಸಂಕೇತಕ್ರಮವನ್ನು ಆಧಾರವಾಗಿಟ್ಟುಕೊಂಡು, ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಕೇರಿಯನ್ನು ಹಂಚಿಕೊಟ್ಟ ಯೂನಿಕೋಡ್ ಎಂಬ ವ್ಯವಸ್ಥೆಯು ೧೯೯೧ರಲ್ಲಿ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ೧೨೮ ಮನೆಗಳನ್ನು ಕೊಟ್ಟಿತು. ಇಲ್ಲಿ ಕಕಾರದ ಮನೆ ೩೨೨೧, ನಕಾರದ ಮನೆ ೩೨೪೦. ಕನ್ನಡದ ಕ ಯಾವ ‘ಪಿ’ಯ ಮನೆಯಲ್ಲಿಯೂ ಬಾಡಿಗೆಗೆ ಇರಬೇಕಾಗಿಲ್ಲ. ಬೆಂಗಳೂರಿನಲ್ಲಿ ಬರೆದರೂ ಕಾಸರಗೋಡಿನಲ್ಲಿ ಓದಿದರೂ ಅದು ಕಕಾರವೇ. ಅಮೆರಿಕೆಯಲ್ಲಿರುವ ಮಗನ ಮೊಬೈಲಿನಲ್ಲಿಯೂ ಕಕಾರವೇ.

ಆದರೆ ಮನೆಯನ್ನು ಕಟ್ಟಿದ ಮಾತ್ರಕ್ಕೆ ವಾಸ ಮಾಡಿದಂತಾಗುವುದಿಲ್ಲ. ಸಾಮಾನ್ಯ ಗಣಕಯಂತ್ರಗಳಿಗೆ ಯೂನಿಕೋಡ್ ಕನ್ನಡವು ೨೦೦೧ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ಸುಲಭವಾಗಿ ಒದಗಿತು. ಆ ನಡುವಣ ಕಾಲದಲ್ಲಿ ಕನ್ನಡದ ದೀಪ ಆರದಂತೆ ನೋಡಿಕೊಂಡವರು ಹಲವರು. ಕೆ. ಪಿ. ರಾಯರು ರಚಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡ ಬೆರಳಚ್ಚಿಗೆ ತಳಹದಿಯಾಯಿತು. ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಅವರು ಮಾಡಿ ಉಚಿತವಾಗಿ ಹಂಚಿದರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದಾಗ ಅದು ಯೂನಿಕೋಡಿನಲ್ಲಿಯೇ ನಿಂತುದರಿಂದ, ಅಲ್ಲಿ ಬರೆದ ಲೇಖನವನ್ನು ಇಂದಿನ ಮೊಬೈಲಿನಲ್ಲಿಯೂ ಯಾವ ಅಡ್ಡಿಯೂ ಇಲ್ಲದೆ ಓದಬಹುದಾಗಿದೆ. ನಮ್ಮ ನೆರೆಯ ಪಂಡಿತರು ತಮ್ಮ ಪದಗಳನ್ನು ಬರೆದ ಕಾಲವೂ ಅದೇ. ಆಯ್ದ ಹಳಿ ಬೇರೆಯಾದುದರಿಂದ ಫಲವೂ ಬೇರೆಯಾಯಿತು.

ಇಷ್ಟು ಹೇಳಿದ ಮೇಲೆ, ಮಾನಕಗಳೆಂದರೆ ದೋಷವಿಲ್ಲದ ವೇದವಾಕ್ಯಗಳೆಂದು ವಾಚಕರು ತಿಳಿಯಬಾರದು. ‘ಸೂರ್ಯ’ ಎಂದು ಬರೆಯುವಾಗ ರಕಾರವು ಅರ್ಕಾವೊತ್ತಾಗುವುದು. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರವು ಪೂರ್ತಿಯಾಗಿ ನಿಂತು ಯಕಾರವೇ ಒತ್ತಾಗಬೇಕು. ಯೂನಿಕೋಡಿನಲ್ಲಿ ಈ ಎರಡನ್ನು ಬೇರ್ಪಡಿಸಲು ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ನಡುವೆ ಇಡಬೇಕಾಗುತ್ತದೆ. ಅದನ್ನರಿಯದವರ ಪುಟದಲ್ಲಿ ಪದವು ಕಾಲು ಮೇಲಾಗಿ ನಿಲ್ಲುವುದು. ಕನ್ನಡದ ಅವಗ್ರಹಚಿಹ್ನೆಗೆ ಯೂನಿಕೋಡಿನಲ್ಲಿ ಜಾಗ ದೊರೆತುದು ೨೦೦೩ರ ಆವೃತ್ತಿಯಲ್ಲಿ. ಆದರೆ ಮುಕ್ತ ಮಾನಕದ ಹಿರಿಮೆಯೇ ಇದು: ದೋಷವಿದ್ದರೆ ಎಲ್ಲಿದೆಯೆಂದು ಎಲ್ಲರಿಗೂ ಕಾಣುತ್ತದೆ, ತಿದ್ದಿರೆಂದು ಕೇಳುವುದಕ್ಕೆ ಒಂದು ಬಾಗಿಲಿದೆ. ಮುಚ್ಚಿದ ಪೆಟ್ಟಿಗೆಯೊಳಗಿನ ದೋಷಕ್ಕೆ ಈ ಭಾಗ್ಯವಿಲ್ಲ. ಕೇಳುವ ಕನ್ನಡಿಗರು ಇದ್ದರೆ ಮಾತ್ರ ಕನ್ನಡಕ್ಕೆ ಬೇಕಾದುದು ದೊರೆಯುವುದೆಂಬುದನ್ನು ಮರೆಯಬಾರದು.

“ಯುದ್ಧ ಮುಗಿಯಿತಲ್ಲ, ಈಗೇಕೆ ಈ ಮಾತು?” ಎಂದು ಕೆಲವರು ಕೇಳಬಹುದು. ಎಕ್ಸ್‌ಪ್ಲೋರರು ೨೦೨೨ನೆಯ ಜೂನಿನಲ್ಲಿ ನಿವೃತ್ತಿಯನ್ನು ಹೊಂದಿತು, ನಿಜ. ಆದರೆ ಇಂದು ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಎಂದು ಹೆಸರು ಬೇರೆಯಾದರೂ ಅವುಗಳ ಒಳಗಿನ ಯಂತ್ರ ಕ್ರೋಮಿಯಮ್ ಎಂಬುದೊಂದೇ. ಫೈರ್‌ಫಾಕ್ಸ್ ಮತ್ತು ಸಫಾರಿಗಳು ಬೇರೆ ಯಂತ್ರಗಳನ್ನು ಇಟ್ಟುಕೊಂಡಿವೆ. ಬಹುಜನರು ಬಳಸುವ ಒಂದರಲ್ಲಿ ಮಾತ್ರ ಪುಟವನ್ನು ಪರೀಕ್ಷಿಸಿ “ಸರಿಯಾಗಿದೆ” ಎಂದು ಕೈತೊಳೆದುಕೊಳ್ಳುವ ಚಾಳಿ ಮತ್ತೆ ಹುಟ್ಟುತ್ತಿದೆ. ಒಬ್ಬ ಅಂಗಡಿಯವನ ಗಜಕೋಲೇ ಊರಿಗೆಲ್ಲ ಗಜವಾದರೆ, ಅವನು ಅದನ್ನು ಒಂದಂಗುಲ ಕಡಿದ ದಿನ ಕೇಳುವವರು ಯಾರು? ಗಜಕೋಲು ಚಾವಡಿಯಲ್ಲಿ ಇರಬೇಕೇ ಹೊರತು ಅಂಗಡಿಯಲ್ಲಲ್ಲ. ಅಂಗಡಿಯವನು ಸಜ್ಜನನಾಗಿದ್ದರೂ ಈ ಮಾತು ನಿಜವೇ.

“ಎಲ್ಲರೂ ಒಂದೇ ನಿಯಮಕ್ಕೆ ಕಟ್ಟುಬಿದ್ದರೆ ಹೊಸತನ ಬರುವುದು ಹೇಗೆ?” ಎಂಬುದು ಬ್ರೌಸರು ಮಾಡುವವರ ಹಳೆಯ ವಾದ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಯಾರಾದರೊಬ್ಬರು ಮುಂದಾಗಿ ಹೊಸದನ್ನು ಮಾಡಿ ತೋರಿಸಿದ ಹೊರತು ನಿಯಮ ಬರೆಯುವವರಿಗೆ ಬರೆಯಲು ವಸ್ತುವೇ ಇರದು. ಆದರೆ ಹೊಸದನ್ನು ಮಾಡಿದವರು ಅದನ್ನು ಚಾವಡಿಗೆ ತಂದು ಎಲ್ಲರ ಮುಂದಿಡುವುದು ಬೇರೆ. ತಮ್ಮ ಅಂಗಡಿಗೆ ಬಂದವರಿಗೆ ಮಾತ್ರ ಕೊಟ್ಟು ಉಳಿದವರ ಬಾಗಿಲಿಗೆ ಬೀಗ ಹಾಕುವುದು ಬೇರೆ. ರೈಲುಹಳಿಯ ಅಗಲ ಗೊತ್ತಾಯಿತೆಂದು ಗಾಡಿಗಳು ಉತ್ತಮಗೊಳ್ಳುವುದೇನೂ ನಿಲ್ಲಲಿಲ್ಲವಷ್ಟೆ.

ಇದರಿಂದ ಬಾಧೆಪಡುವವರಲ್ಲಿ ಮೊದಲಿಗರು ಯಾರೆಂಬುದನ್ನೂ ಯೋಚಿಸೋಣ. ಕಣ್ಣಿಲ್ಲದ ವಿದ್ಯಾರ್ಥಿಗೆ ಇಂದು ಗಣಕಯಂತ್ರವೇ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಎನ್.ವಿ.ಡಿ.ಎ. ಎಂಬ ಅಂತಹ ಓದುಗ ತಂತ್ರಾಂಶವು ಉಚಿತವಾಗಿಯೇ ದೊರೆಯುತ್ತದೆ. ಯೂನಿಕೋಡ್ ಕನ್ನಡವನ್ನು ಕನ್ನಡವಾಗಿ ಓದಿಸಬಹುದು. ಹಳೆಯ ಸಂಕೇತದ ಕನ್ನಡವನ್ನು ಯಂತ್ರವು “ಪಿ, ಪೌಂಡ್” ಎಂದು ಬಡಬಡಿಸುವುದು. ಅಕ್ಷರಗಳನ್ನೆಲ್ಲ ಒಂದು ಚಿತ್ರವಾಗಿ ಅಂಟಿಸಿಬಿಟ್ಟರೆ ಅದಕ್ಕೆ ಮೌನವೊಂದೇ ಗತಿ. ಇಂತಹವರಿಗಾಗಿ ಪುಟಗಳು ಹೇಗಿರಬೇಕೆಂಬ ಮೊದಲ ಸೂತ್ರಗಳನ್ನು ಡಬ್ಲ್ಯು-೩-ಸಿಯು ೧೯೯೯ರಲ್ಲಿಯೇ ಹೊರಡಿಸಿತು. ನಮ್ಮ ದೇಶದಲ್ಲಿ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಇದನ್ನು ಹಕ್ಕೆಂದು ಮಾನ್ಯ ಮಾಡಿದೆ.

ಬೆಂಗಳೂರು ವಿಶ್ವವಿದ್ಯಾನಿಲಯವು ೧೯೬೪ರಲ್ಲಿ ಸ್ಥಾಪಿತವಾಗಿ ೧೯೭೩ರಿಂದ ಈಚೆಗೆ ನಮ್ಮ ಜ್ಞಾನಭಾರತಿಯಲ್ಲಿ ಬೆಳೆದಿರುವುದು. ಇದೇ ಆವರಣದಲ್ಲಿ ಕನ್ನಡ ಅಧ್ಯಯನವೂ ಉಂಟು, ಗಣಕವಿಜ್ಞಾನದ ವ್ಯಾಸಂಗವೂ ಉಂಟು. ಸಂಜೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಬರುವ ತರುಣ ತರುಣಿಯರಲ್ಲಿ ಜಾಲಪುಟಗಳನ್ನು ಕಟ್ಟಿ ಜೀವಿಸುವವರು ಅನೇಕರು. ಅವರಿಗೆ ಹಿರಿಯರಾಗಿ ನಾವು ಹೇಳತಕ್ಕ ಮಾತುಗಳು ಕೆಲವೇ. ಪುಟದ ತಲೆಯಲ್ಲಿ ಇದು ಕನ್ನಡವೆಂದು ನಮೂದಿಸಿರಿ. ಓದುಗ ಯಂತ್ರಕ್ಕೂ ಹುಡುಕುವ ಯಂತ್ರಕ್ಕೂ ಅದು ದಾರಿದೀಪ. ಬರೆಹವನ್ನು ಬರೆಹವಾಗಿಯೇ ಇಡಿರಿ, ಚಿತ್ರವಾಗಿಸಬೇಡಿರಿ. ಚಿತ್ರವಿದ್ದಲ್ಲಿ ಅದೇನೆಂದು ಒಂದು ಸಾಲು ಬರೆಯಿರಿ. ಇಂಗ್ಲಿಷಿನ ಅಳತೆಗೆ ಸಾಲುಗಳನ್ನು ಒತ್ತಿ ಕೂರಿಸಿದರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸುವುದು. ಸಾಲುಗಳ ನಡುವೆ ಅವಕ್ಕೆ ಜಾಗ ಬಿಡಿರಿ. ಎರಡು ಮೂರು ಬೇರೆ ಬೇರೆ ಯಂತ್ರದ ಬ್ರೌಸರುಗಳಲ್ಲಿಯೂ, ಅಗ್ಗದ ಒಂದು ಮೊಬೈಲಿನಲ್ಲಿಯೂ ನೋಡದೆ ಪುಟವನ್ನು ಬಿಡುಗಡೆ ಮಾಡಬೇಡಿರಿ. ಬ್ರೌಸರಿನಲ್ಲಿ ಕನ್ನಡ ತಪ್ಪಾಗಿ ಕಂಡರೆ, ನಿಮ್ಮ ಪುಟದಲ್ಲಿ ತೇಪೆ ಹಾಕಿ ಸುಮ್ಮನಾಗದೆ, ಅದನ್ನು ಮಾಡಿದವರಿಗೆ ತಿಳಿಸಿರಿ. ಒಬ್ಬರ ದೂರಿನಿಂದ ಕೋಟ್ಯಂತರ ಜನರ ಪರದೆ ತಿಳಿಯಾದೀತು.

ಮನೆಯವರಿಗೂ ಎರಡು ಮಾತು. ಹಿರಿಯರ ಬರೆಹಗಳು ಹಳೆಯ ಸಂಕೇತದಲ್ಲಿದ್ದರೆ ಇಂದೇ ಯೂನಿಕೋಡಿಗೆ ಮಾರ್ಪಡಿಸಿರಿ. ಅದಕ್ಕೆ ಪರಿವರ್ತಕ ತಂತ್ರಾಂಶಗಳಿವೆ. ಮುದ್ರಣಾಲಯದವರು ಪುಸ್ತಕವನ್ನು ಕೊಡುವಾಗ ಅದರ ಯೂನಿಕೋಡ್ ಪ್ರತಿಯನ್ನೂ ಕೇಳಿ ಪಡೆಯಿರಿ. ಅನೇಕ ಮುದ್ರಣಾಲಯಗಳಲ್ಲಿ ಇಂದಿಗೂ ಹಳೆಯ ಸಂಕೇತವೇ ಬಳಕೆಯಲ್ಲಿದೆ. ಮತ್ತು ದಯವಿಟ್ಟು ಕಾಗದದ ಮೂಲಪ್ರತಿಯನ್ನು ರದ್ದಿಗೆ ಹಾಕಬೇಡಿರಿ.

ನೆರೆಯವರ ತಟ್ಟೆಯ ಕಥೆಯನ್ನು ಮುಗಿಸಬೇಕಷ್ಟೆ. ಬೀದಿಯ ಕೊನೆಯಲ್ಲಿರುವ ಒಬ್ಬ ವಿದ್ಯಾರ್ಥಿಯು ಬಂದು, ಫಾಂಟು ಯಾವುದೆಂಬುದನ್ನು ಕಂಡುಹಿಡಿದು, ಪರಿವರ್ತಕದ ಮೂಲಕ ಪದಗಳನ್ನು ಕನ್ನಡಕ್ಕೆ ತಂದನು. ಪರದೆಯ ಮೇಲೆ ಅಕ್ಷರಗಳು ಎದ್ದುನಿಂತಾಗ ಆ ತಾಯಿಯ ಮುಖವನ್ನು ನೋಡಬೇಕಾಗಿದ್ದಿತು. ಆದರೆ ಒಂದು ವಿಚಿತ್ರ ಕಂಡಿತು. ಕೆಲವು ಸಾಲುಗಳ ಮೊದಲಲ್ಲಿ ‘ದೊರೆ’ ಎಂದಿರಬೇಕಾದಲ್ಲಿ ‘ಚೊರೆ’ ಎಂದಿದ್ದಿತು. ಹುಡುಗನು ಯೋಚಿಸಿ ಕಾರಣವನ್ನು ಹೇಳಿದನು. ಆ ಫಾಂಟಿನಲ್ಲಿ ದಕಾರವು ಇಂಗ್ಲಿಷಿನ ಸಣ್ಣ ‘ಝಡ್’ ಮನೆಯಲ್ಲಿಯೂ ಚಕಾರವು ದೊಡ್ಡ ‘ಝಡ್’ ಮನೆಯಲ್ಲಿಯೂ ಇದ್ದವಂತೆ. ಪಂಡಿತರು ಬರೆಯುತ್ತಿದ್ದಾಗ ಯಂತ್ರವು ಇದನ್ನು ಇಂಗ್ಲಿಷ್ ವಾಕ್ಯವೆಂದು ಬಗೆದು, ಸಾಲಿನ ಮೊದಲಕ್ಷರವನ್ನು ತಾನಾಗಿಯೇ ದೊಡ್ಡದಾಗಿ ತಿದ್ದಿರಬೇಕು! ಹೀಗೆ ತಿದ್ದುಪಡಿಗೊಂಡ ಅಕ್ಷರಗಳು ಎಷ್ಟೆಂಬುದನ್ನು ಯಾವ ಪರಿವರ್ತಕವೂ ಹೇಳಲಾರದು.

ಆಗ ಆ ಗೃಹಿಣಿಯು ಊರಿನಿಂದ ತಮ್ಮ ಸೋದರತ್ತೆಯನ್ನು ಕರೆಸಿದರು. ಎಂಬತ್ತು ದಾಟಿದ ಆ ವೃದ್ಧೆಗೆ ಓದು ಬಾರದು. ಪದಗಳು ಮಾತ್ರ ಬಾಯಲ್ಲಿವೆ. ಹುಡುಗನು ಸಾಲನ್ನು ಓದುವನು. ಆಕೆ ಅದನ್ನು ರಾಗವಾಗಿ ಹಾಡಿ, “ಅಲ್ಲಪ್ಪಾ, ಅದು ಹಾಗಲ್ಲ” ಎಂದು ತಿದ್ದುವರು. ನಾಲ್ಕು ಸಂಜೆ ಈ ಕೆಲಸ ನಡೆಯಿತು. ಎರಡು ಪದಗಳು ಆಕೆಗೂ ಮರೆತುಹೋಗಿದ್ದವು. ಅವನ್ನು ಸಂದೇಹದ ಗುರುತಿನೊಡನೆ ಹಾಗೆಯೇ ಬಿಟ್ಟರು. ಉಳಿದುವೆಲ್ಲ ಅಚ್ಚಾಗುತ್ತಿವೆ.

ಆ ಸೋದರತ್ತೆ ಇನ್ನೂ ಇದ್ದುದು ಆ ಮನೆಯ ಪುಣ್ಯ. ಎಲ್ಲ ಮನೆಗಳಲ್ಲಿಯೂ ಅಂತಹವರು ಉಳಿದಿರುವುದಿಲ್ಲ.